ಕಂದು ಕೆರೆ: ತೋಟದ ಮೇಲೆ ಬಂದ ದೂರು, ತರಗೆಲೆಯಲ್ಲಿ ಸಿಕ್ಕ ಉತ್ತರ

ಇದು ಚಿಕ್ಕಮಗಳೂರು ತಾಲ್ಲೂಕಿನ ಒಂದು ಕೆರೆಯ ಪ್ರಕರಣ. ಊರಿನ ಹೆಸರು, ತೋಟದ ಹೆಸರು ಎರಡನ್ನೂ ಬರೆಯುವುದಿಲ್ಲ. ಜಗಳ ಈಗಷ್ಟೇ ತಣ್ಣಗಾಗಿದೆ, ಮತ್ತೆ ಕೆದಕುವುದು ಬೇಡ.

ಜಾಗ ಹೀಗಿದೆ. ಮೇಲೆ ಬಾಬಾಬುಡನ್‌ಗಿರಿ ಸಾಲಿನ ಕಾಡು, ಅದರ ಕೆಳಗೆ ಕಾಫಿ ತೋಟಗಳು, ತೋಟಗಳ ನಡುವೆ ಇಳಿದು ಬರುವ ಒಂದು ಹಳ್ಳ, ಹಳ್ಳದ ಕೊನೆಗೆ ಕೆರೆ, ಏರಿಯ ಕೆಳಗೆ ಗದ್ದೆ ಮತ್ತು ಅಡಿಕೆ. ಕೆರೆಯಿಂದ ನೇರ ಪೈಪ್ ಕೊಟ್ಟ ಒಂದು ಬಾವಿ ಇದೆ. ಅಲ್ಲಿಂದ ಓವರ್‌ಹೆಡ್ ಟ್ಯಾಂಕಿಗೆ ನೀರು ಏರಿಸುತ್ತಾರೆ, ಟ್ಯಾಂಕಿಗೆ ಬ್ಲೀಚಿಂಗ್ ಪೌಡರ್ ಹಾಕುತ್ತಾರೆ, ನಲ್ಲಿಗೆ ಬಿಡುತ್ತಾರೆ. ಅಷ್ಟೇ. ಶುದ್ಧೀಕರಣ ಘಟಕ ಅಂತ ಏನೂ ಇಲ್ಲ.

ಮೃಗಶಿರ ಮಳೆ ಹಿಡಿದು ಹಳ್ಳ ತುಂಬಿ ಹರಿದ ಮೇಲೆ ನಲ್ಲಿ ನೀರು ತೆಳು ಡಿಕಾಕ್ಷನ್ ಬಣ್ಣಕ್ಕೆ ತಿರುಗಿತು. ಬಿಳಿ ಪಂಚೆ ಒಗೆದರೆ ಮಂಕು, ಪಾತ್ರೆಯಲ್ಲಿ ಕಾಯಿಸಿದರೂ ಅದೇ ಬಣ್ಣ. ಊರಲ್ಲಿ ಒಂದೇ ಮಾತು: ಮೇಲಿನ ತೋಟದವರು ಪಲ್ಪರ್ ನೀರು, ಅಂದರೆ ಕಾಫಿ ಹಣ್ಣಿನ ಸಿಪ್ಪೆ ಸುಲಿದು ತೊಳೆದ ನೀರು, ಬಿಟ್ಟಿದ್ದಾರೆ. ಪಂಚಾಯ್ತಿಯವರು ತಮಗೆ ಗೊತ್ತಿದ್ದ ಮದ್ದು ಮಾಡಿದರು, ಬ್ಲೀಚಿಂಗ್ ಪೌಡರ್ ದುಪ್ಪಟ್ಟು ಹಾಕಿಸಿದರು. ಬಣ್ಣ ಸ್ವಲ್ಪ ಇಳಿಯಿತು, ಆದರೆ ನೀರಿಗೆ ಒಂಥರಾ ಔಷಧಿ ವಾಸನೆ ಬಂತು. ನೀರು ಪರೀಕ್ಷೆ ನನ್ನ ಹೊಟ್ಟೆಪಾಡು, ಹಾಗಾಗಿ ಕರೆ ಬಂತು. ವಾಟರ್‌ಮ್ಯಾನ್ ಹೇಳಿದ ಮೊದಲ ಮಾತು: "ಸಾರ್, ಪೌಡರ್ ಎಷ್ಟು ಹಾಕಿದ್ರೂ ಬೆಳಿಗ್ಗೆ ಹೊತ್ತಿಗೆ ಕ್ಲೋರಿನ್ನೇ ಇರಲ್ಲ. ಎಲ್ಲಿ ಹೋಗುತ್ತೆ ಅಂತಾನೇ ತಿಳೀತಿಲ್ಲ."

ನನ್ನ ಪ್ರಕಾರ ಇಡೀ ಪ್ರಕರಣದ ಬೀಗದ ಕೈ ಆ ಮಾತಿನಲ್ಲೇ ಇತ್ತು.

ಮೊದಲು ಅಲ್ಲ ಅನ್ನುವುದನ್ನು ತೆಗೆದುಹಾಕುವುದು

ಪಲ್ಪರ್ ಅನುಮಾನ ತಾರೀಕಿನಲ್ಲೇ ಬಿದ್ದುಹೋಯಿತು. ಅರೇಬಿಕಾ ಕೊಯ್ಲು ನವೆಂಬರ್‌ನಿಂದ ಜನವರಿ, ರೋಬಸ್ಟಾ ಹೆಚ್ಚೆಂದರೆ ಮಾರ್ಚ್‌ವರೆಗೆ. ಜೂನ್ ತಿಂಗಳಲ್ಲಿ ಪಲ್ಪರ್ ಮನೆಗೆ ಬೀಗ, ಗಿಡದಲ್ಲಿರುವುದು ಹಸಿರು ಮಿಡಿಕಾಯಿ. ಇದು ಊರಿನ ಎಲ್ಲರಿಗೂ ಗೊತ್ತಿರುವ ವಿಷಯ, ಅರ್ಧ ಊರು ಅದೇ ತೋಟಗಳಿಗೆ ಕೆಲಸಕ್ಕೆ ಹೋಗುತ್ತದೆ. ಆದರೂ ಕೋಪ ಬಂದಾಗ ಪಂಚಾಂಗ ಯಾರು ನೋಡ್ತಾರೆ?

ಮಣ್ಣಿನ ರಾಡಿಯೂ ಅಲ್ಲ. ಗಾಜಿನ ಬಾಟಲಿಯಲ್ಲಿ ಒಂದು ರಾತ್ರಿ ಇಟ್ಟರೆ ತಳದಲ್ಲಿ ತೆಳ್ಳಗೆ ಒಂದು ಪದರ ಕೂತಿತು, ಮೇಲಿನ ನೀರು ತಿಳಿಯಾಯಿತು, ಆದರೆ ಕಂದಾಗಿಯೇ ಉಳಿಯಿತು. ರಾಡಿ ನೀರಿನ ಹಿಂದೆ ಪತ್ರಿಕೆ ಹಿಡಿದರೆ ಅಕ್ಷರ ಕಾಣಲ್ಲ. ಇಲ್ಲಿ ಅಕ್ಷರ ಸ್ಪಷ್ಟವಾಗಿ ಕಾಣುತ್ತಿತ್ತು, ಕಾಗದ ಮಾತ್ರ ಹಳದಿ.

ಕಬ್ಬಿಣವೂ ಅಲ್ಲ. ನಮ್ಮ ಕೆಂಪು ಮಣ್ಣಿನ ಬೋರ್‌ವೆಲ್‌ಗಳಲ್ಲಿ ಕಬ್ಬಿಣದ ತೊಂದರೆ ಇದ್ದೇ ಇದೆ, ಆದರೆ ಅದರ ಗುಣ ಬೇರೆ: ಮೇಲೆ ಬಂದಾಗ ತಿಳಿ, ಗಾಳಿ ತಾಗಿದ ಮೇಲೆ ಕೆಂಪು, ಆಮೇಲೆ ತಳದಲ್ಲಿ ತುಕ್ಕು. ಈ ನೀರು ಮೊದಲಿಂದ ಕೊನೆವರೆಗೂ ಒಂದೇ ಬಣ್ಣ.

ಹಾಗಾದರೆ ಉಳಿದಿದ್ದು ಕರಗಿದ ಸಾವಯವ ವಸ್ತು. ಎಲೆ, ತೊಗಟೆ, ಬೇರು ಕೊಳೆತಾಗ ಅವುಗಳಿಂದ ಬಿಟ್ಟುಕೊಳ್ಳುವ ಸಾವಿರಾರು ಬಗೆಯ ಅಣುಗಳ ಕಲಬೆರಕೆ. ಕರಗಿದ್ದು ಅಂದರೆ ಏನು ಅನ್ನುವುದಕ್ಕೆ ಲ್ಯಾಬಿನವರು ಒಂದು ಒಪ್ಪಂದ ಮಾಡಿಕೊಂಡಿದ್ದಾರೆ: 0.45 ಮೈಕ್ರಾನ್ ರಂಧ್ರದ ಫಿಲ್ಟರ್ ದಾಟಿ ಬಂದಿದ್ದೆಲ್ಲ ಕರಗಿದ್ದು. ಪ್ರಕೃತಿಯಲ್ಲಿ ಹಾಗೆ ಗೆರೆ ಏನೂ ಇಲ್ಲ, ನಮ್ಮ ಅನುಕೂಲಕ್ಕೆ ಎಳೆದ ಗೆರೆ. ಸೀರೆ ಬಟ್ಟೆ ನಾಲ್ಕು ಮಡಿಕೆ ಮಾಡಿ ಸೋಸಿದರೂ ಬಣ್ಣ ಹೋಗದಿರುವುದು ಇದಕ್ಕೇ. ಈ ವಸ್ತುವಿನ ತೂಕದಲ್ಲಿ ಹೆಚ್ಚುಕಮ್ಮಿ ಅರ್ಧ ಇಂಗಾಲ.

ಬೇಸಿಗೆಯಲ್ಲಿ ತೋಟದ ನೆರಳಿನ ಸಿಲ್ವರ್ ಓಕ್ ಮರದಿಂದ, ಕಾಡು ಮರಗಳಿಂದ ಉದುರಿದ ತರಗೆಲೆ ತಿಂಗಳುಗಟ್ಟಲೆ ಒಣಗಿ ಬಿದ್ದಿರುತ್ತದೆ. ಮೊದಲ ದೊಡ್ಡ ಮಳೆಗಳ ನೀರು ಆ ಪದರದ ಮೂಲಕ, ಮೇಲ್ಮಣ್ಣಿನ ಮೂಲಕ ಇಳಿದು ಹಳ್ಳಕ್ಕೆ ಬರುತ್ತದೆ. ಆಳದ ಮಣ್ಣಿಗೆ ಇಳಿಯಲು ಸಮಯ ಸಿಕ್ಕಿದ್ದರೆ ಅಲ್ಲಿನ ಕಬ್ಬಿಣ, ಅಲ್ಯುಮಿನಿಯಂ ಖನಿಜಗಳು ಈ ಅಣುಗಳನ್ನು ಹಿಡಿದಿಟ್ಟುಕೊಳ್ಳುತ್ತಿದ್ದವು. ಜಡಿಮಳೆಯಲ್ಲಿ ಆ ಸಮಯ ಇಲ್ಲ, ನೀರು ಮೇಲುಮೇಲಿಂದಲೇ ಓಡುತ್ತದೆ. ಬೇಸಿಗೆಯಲ್ಲಿ ಅದೇ ಹಳ್ಳದಲ್ಲಿ ಹರಿಯುವುದು ಆಳದಿಂದ ಒಸರಿದ ನೀರು, ಅದಕ್ಕೇ ತಿಳಿ.

ಅನುಮಾನ ಖಚಿತವಾಗಿದ್ದು ಹಳ್ಳದಲ್ಲಿ ಮೇಲಕ್ಕೆ ನಡೆದಾಗ. ತೋಟಗಳು ಮುಗಿದು ಕಾಡು ಶುರುವಾಗುವ ಜಾಗದಲ್ಲಿ ಬಾಟಲಿ ತುಂಬಿಸಿದೆವು. ಅಲ್ಲೂ ಅದೇ ಕಂದು. ಜೊತೆಗೆ ಬಂದಿದ್ದ ಪಂಚಾಯ್ತಿ ಮೆಂಬರು ಬಾಟಲಿಯನ್ನು ಆಕಾಶಕ್ಕೆ ಹಿಡಿದು ನೋಡಿ ಏನೂ ಮಾತಾಡಲಿಲ್ಲ, ಜಿಗಣೆ ಕಿತ್ತು ಹಾಕಿಕೊಳ್ಳುತ್ತಾ ಕೆಳಗಿಳಿದರು.

ಕ್ಲೋರಿನ್ ಎಲ್ಲಿ ಹೋಯಿತು

ಪೌಡರೇ ಹಳೆಯದಿರಬಹುದು ಅಂತ ಮೊದಲು ನೋಡಬೇಕಿತ್ತು. ಹೊಸ ಬ್ಲೀಚಿಂಗ್ ಪೌಡರಿನಲ್ಲಿ ಸುಮಾರು ಮೂರನೇ ಒಂದು ಭಾಗ ಕ್ಲೋರಿನ್ ಸಿಗುತ್ತದೆ, ಮಲೆನಾಡಿನ ಥಂಡಿಗೆ ಚೀಲ ಬಾಯಿ ಬಿಟ್ಟು ಇಟ್ಟರೆ ಬೇಗ ಸತ್ತುಹೋಗುತ್ತದೆ. ಎರಡು ಬಕೆಟ್ ಇಟ್ಟೆವು, ಒಂದರಲ್ಲಿ ಶಾಲೆಯ ಬೋರ್‌ವೆಲ್ ನೀರು, ಇನ್ನೊಂದರಲ್ಲಿ ಕೆರೆ ನೀರು. ಒಂದೇ ಚೀಲದ ಪೌಡರು, ಒಂದೇ ಅಳತೆ. ಅರ್ಧ ಗಂಟೆ ಬಿಟ್ಟು ಪರೀಕ್ಷೆ ಮಾಡಿದರೆ ಬೋರ್‌ವೆಲ್ ಬಕೆಟ್‌ನಲ್ಲಿ ಕ್ಲೋರಿನ್ ಹಾಗೇ ಇತ್ತು, ಕೆರೆ ಬಕೆಟ್‌ನಲ್ಲಿ ಹೆಸರಿಗಷ್ಟು. ಪೌಡರು ಸರಿಯಾಗಿದೆ, ನೀರು ಅದನ್ನು ತಿನ್ನುತ್ತಿದೆ.

ಇಲ್ಲೊಂದು ಸಣ್ಣ ಮೋಸ ಇದೆ, ಹಳ್ಳಿಯಲ್ಲಿ ಕ್ಲೋರಿನ್ ನೋಡುವ ಕ್ಲೋರೋಸ್ಕೋಪ್ ಪೆಟ್ಟಿಗೆ ಹಿಡಿಯುವವರು ಗಮನಿಸಬೇಕು. ಆ ಪೆಟ್ಟಿಗೆಯಲ್ಲಿ ಹನಿ ಹಾಕಿದಾಗ ಕ್ಲೋರಿನ್ ಇದ್ದರೆ ನೀರು ಹಳದಿಯಾಗುತ್ತದೆ. ಆದರೆ ನೀರೇ ಹಳದಿ-ಕಂದಾಗಿದ್ದರೆ? ಕ್ಲೋರಿನ್ ಇಲ್ಲದಿದ್ದರೂ ಇದೆ ಅಂತ ಕಾಣುತ್ತದೆ. ಹನಿ ಹಾಕದ ಅದೇ ನೀರನ್ನು ಪಕ್ಕದಲ್ಲಿಟ್ಟು ಹೋಲಿಸಬೇಕು, ಇಲ್ಲವೇ ಗುಲಾಬಿ ಬಣ್ಣ ಕೊಡುವ ಡಿಪಿಡಿ ಮಾತ್ರೆ ಬಳಸಬೇಕು. ನಮ್ಮ ವಾಟರ್‌ಮ್ಯಾನ್‌ಗೆ ಇದು ತಾನಾಗಿಯೇ ಗೊತ್ತಾಗಿತ್ತು, ಅದಕ್ಕೇ ಅವರ ಮಾತನ್ನು ನಾನು ನಂಬಿದ್ದು.

ಕ್ಲೋರಿನ್ ಈ ಕಂದು ಅಣುಗಳ ಜೊತೆ ಸುಮ್ನೆ ಖರ್ಚಾಗಿ ಹೋದರೆ ದುಡ್ಡು ದಂಡ ಅನ್ನಬಹುದಿತ್ತು. ಆದರೆ ಅದು ಹೊಸ ವಸ್ತುಗಳನ್ನು ಮಾಡುತ್ತದೆ, ಕ್ಲೋರೋಫಾರಂ ಮತ್ತು ಅದರ ಬಳಗ. 1974ರಲ್ಲಿ ನೆದರ್‌ಲೆಂಡ್ಸ್‌ನ ರೋಟರ್‌ಡ್ಯಾಂನಲ್ಲಿ ಯೋಹಾನೆಸ್ ರೂಕ್ ಎಂಬ ರಸಾಯನಶಾಸ್ತ್ರಜ್ಞರು ಇದನ್ನು ತೋರಿಸಿಕೊಟ್ಟರು: ನೀರಿನಲ್ಲಿರುವ ನೈಸರ್ಗಿಕ ಬಣ್ಣದ ವಸ್ತುವಿಗೆ ಕ್ಲೋರಿನ್ ಸೇರಿದಾಗ ಇವು ಹುಟ್ಟುತ್ತವೆ. ನಮ್ಮ ಕುಡಿಯುವ ನೀರಿನ ಮಾನದಂಡ ಐಎಸ್ 10500ರಲ್ಲಿ ಕ್ಲೋರೋಫಾರಂಗೆ ಲೀಟರಿಗೆ 0.2 ಮಿಲಿಗ್ರಾಂ ಮಿತಿ ಇದೆ. ತಮಾಷೆ ನೋಡಿ, ಉಳಿಕೆ ಕ್ಲೋರಿನ್ ಕನಿಷ್ಠ ಇರಬೇಕಾದದ್ದೂ 0.2 ಮಿಲಿಗ್ರಾಂ. ಒಂದನ್ನು ಕಾಪಾಡಲು ಪೌಡರ್ ಸುರಿದರೆ ಇನ್ನೊಂದು ಏರುತ್ತದೆ.

ಹಾಗಂತ ಕ್ಲೋರಿನ್ ನಿಲ್ಲಿಸಿ ಅಂತ ಯಾರೂ ಓದಿಕೊಳ್ಳಬೇಡಿ. ವಾಂತಿ-ಭೇದಿ ಇವತ್ತಿನ ಅಪಾಯ, ಕ್ಲೋರೋಫಾರಂ ವರ್ಷಗಟ್ಟಲೆ ಕುಡಿದರೆ ಬರುವ ಅಪಾಯ. ಮಾಡಬೇಕಾದದ್ದು ಕಂದನ್ನು ಮೊದಲು ತೆಗೆದು ಆಮೇಲೆ ಪೌಡರ್ ಹಾಕುವುದು.

ಅದಕ್ಕೆ ಆಲಂ, ಅಂದರೆ ನೀರು ತಿಳಿಗೊಳಿಸಲು ಹಾಕುವ ಪಟಿಕ, ಅಲ್ಯುಮಿನಿಯಂ ಇರುವ ಉಪ್ಪು. 10 ಗ್ರಾಂ ಆಲಂ ಒಂದು ಲೀಟರ್ ನೀರಿಗೆ ಕರಗಿಸಿಟ್ಟುಕೊಂಡರೆ ಅದರ ಒಂದು ಎಂ.ಎಲ್. ಅನ್ನು ಲೀಟರ್ ಕೆರೆ ನೀರಿಗೆ ಹಾಕಿದಾಗ 10 ಮಿಲಿಗ್ರಾಂ ಆಯಿತು. ಪಂಚಾಯ್ತಿ ಕಟ್ಟೆಯ ಮೇಲೆ ಆರು ಉಪ್ಪಿನಕಾಯಿ ಬಾಟಲಿ ಸಾಲಾಗಿ ಇಟ್ಟು 10ರಿಂದ 60ರವರೆಗೆ ಹಾಕಿದೆವು. ಒಂದು ನಿಮಿಷ ಜೋರಾಗಿ, ಆಮೇಲೆ ಕಾಲು ಗಂಟೆ ನಿಧಾನಕ್ಕೆ ಕದಡಿ, ಬಿಟ್ಟೆವು. ಮೊದಲ ಬಾಟಲಿಗಳಲ್ಲಿ ಏನೂ ಆಗಲಿಲ್ಲ. ನಾಲ್ಕನೆಯದರಲ್ಲಿ ನೋಡ್ತಾ ನೋಡ್ತಾ ಕಂದು ಕಣಗಳು ಹತ್ತಿಯೆಳೆಯಷ್ಟು ಸಣ್ಣಗೆ ಕಾಣಿಸಿಕೊಂಡು, ಒಂದಕ್ಕೊಂದು ಅಂಟಿ, ತಳಕ್ಕೆ ಇಳಿದವು, ಮೇಲೆ ಬಣ್ಣವಿಲ್ಲದ ತಿಳಿ ನೀರು. ಕೊನೆಯ ಬಾಟಲಿ ಮತ್ತೆ ಮಬ್ಬು. ಕಾರಣ ಇದೆ. ಒಂದು ಮಿಲಿಗ್ರಾಂ ಆಲಂ ನೀರಿನ ಸುಮಾರು ಅರ್ಧ ಮಿಲಿಗ್ರಾಂ ಕ್ಷಾರವನ್ನು ನುಂಗುತ್ತದೆ, ಮಲೆನಾಡಿನ ಮೆದು ನೀರಿನಲ್ಲಿ ಅಷ್ಟು ಕ್ಷಾರ ಇರುವುದಿಲ್ಲ. ಜಾಸ್ತಿ ಹಾಕಿದರೆ ನೀರು ಹುಳಿಯಾಗಿ ಅಲ್ಯುಮಿನಿಯಂ ಕರಗಿಯೇ ಉಳಿಯುತ್ತದೆ. ಸುಣ್ಣದ ತಿಳಿ ಬೇಕು, ಆದರೆ ಕೈ ಹಿಡಿದು. ಈ ಕಂದು ವಸ್ತು ಆಲಂಗೆ ಚೆನ್ನಾಗಿ ಅಂಟುವುದು ಪಿಎಚ್ (ಹುಳಿ-ಕ್ಷಾರದ ಅಳತೆ) 5.5ರಿಂದ 6.5ರ ಒಳಗೆ. ಬಾಕಿ ಸುಣ್ಣವನ್ನು ನೀರು ತಿಳಿಯಾದ ಮೇಲೆ ಹಾಕಬೇಕು.

ಇನ್ನೊಂದು ಮಾತು. ಆಲಂ ಹಿಡಿಯುವುದು ದೊಡ್ಡ, ಬಣ್ಣದ ಅಣುಗಳನ್ನು. ಸಣ್ಣ, ಬಣ್ಣವಿಲ್ಲದವು ಉಳಿದುಕೊಳ್ಳುತ್ತವೆ. ನೀರು ಬೆಳ್ಳಗಾಯಿತು ಅಂದರೆ ಇಂಗಾಲ ಪೂರ್ತಿ ಹೋಯಿತು ಅಂತಲ್ಲ.

ಕೆರೆಯೊಳಗೆ ನಡೆಯುವುದು

ಪಂಚಾಯ್ತಿಗೆ ಇಲ್ಲಿಗೆ ವಿಷಯ ಮುಗಿಯಿತು. ನನಗೆ ಮುಗಿಯಲಿಲ್ಲ. ಕಾಡಿನಿಂದ ಇಷ್ಟು ಇಂಗಾಲ ಕೆರೆಗೆ ಬಂತಲ್ಲ, ಮುಂದೆ ಏನಾಗುತ್ತದೆ?

ಒಂದು ಅಂದಾಜು ಲೆಕ್ಕ ಹಾಕೋಣ. 25 ಎಕರೆ ಕೆರೆ, ಸರಾಸರಿ ಮೂರು ಮೀಟರ್ ಆಳ ಅಂದರೆ ಸುಮಾರು ಮೂರು ಲಕ್ಷ ಘನ ಮೀಟರ್ ನೀರು. ಪ್ರಪಂಚದ 7,500ಕ್ಕೂ ಹೆಚ್ಚು ಸರೋವರಗಳ ಅಂಕಿಗಳನ್ನು 2007ರಲ್ಲಿ ಒಟ್ಟು ಮಾಡಿ ನೋಡಿದಾಗ ಕರಗಿದ ಸಾವಯವ ಇಂಗಾಲದ ನಡುಬೆಲೆ ಲೀಟರಿಗೆ 5.7 ಮಿಲಿಗ್ರಾಂ ಬಂದಿತ್ತು. ನಾವು 5 ಅಂತ ಹಿಡಿದರೂ ಕೆರೆಯಲ್ಲಿ ಕರಗಿ ನಿಂತಿರುವ ಇಂಗಾಲ ಒಂದೂವರೆ ಟನ್. ಅಷ್ಟೂ ಗಾಳಿಗೆ ಹೋದರೆ ಐದೂವರೆ ಟನ್ ಇಂಗಾಲದ ಡೈಆಕ್ಸೈಡ್. ಮಳೆಗಾಲದಲ್ಲಿ ಕೆರೆ ನಿಂತ ನೀರಲ್ಲ, ಹಳ್ಳ ತರುತ್ತಾ ಇರುತ್ತದೆ, ಕೋಡಿ ಒಯ್ಯುತ್ತಾ ಇರುತ್ತದೆ. ಹಾಗಾಗಿ ವರ್ಷದ ಮೊತ್ತ ಇದರ ಎಷ್ಟೋ ಪಟ್ಟು.

ಬಂದ ಇಂಗಾಲಕ್ಕೆ ನಾಲ್ಕು ದಾರಿ. ಕೋಡಿ ದಾಟಿ ಕೆಳಗಿನ ಕೆರೆ, ಹೊಳೆ, ಕೊನೆಗೆ ಸಮುದ್ರ. ಬ್ಯಾಕ್ಟೀರಿಯಾ ತಿಂದು ಉಸಿರಾಡಿ ಗಾಳಿಗೆ. ಕಣಗಳಿಗೆ ಅಂಟಿ ಹೂಳಿಗೆ. ನಾಲ್ಕನೆಯದು ಬಿಸಿಲು, ನನಗೆ ಬಹಳ ಇಷ್ಟವಾದದ್ದು ಅದೇ.

ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಇಲ್ಲಿ ಬಿಸಿಲೇ ಇರಲ್ಲ, ಕೆರೆ ಕಂದಾಗಿಯೇ ಉಳಿಯಿತು. ದೀಪಾವಳಿ ಹೊತ್ತಿಗೆ ಮೋಡ ಬಿಟ್ಟಿತು, ಕೋಡಿ ನಿಂತಿತು, ನೀರು ತನ್ನಷ್ಟಕ್ಕೆ ತಿಳಿಯಾಗತೊಡಗಿತು. ಪಂಚಾಯ್ತಿ ತಾರಸಿಯ ಮೇಲೆ ಮಳೆಗಾಲದ ನೀರಿನ ಎರಡು ಗಾಜಿನ ಬಾಟಲಿ ಇಟ್ಟಿದ್ದೆವು, ಒಂದನ್ನು ಬಿಸಿಲಿಗೆ ಬಿಟ್ಟು, ಇನ್ನೊಂದಕ್ಕೆ ಅಲ್ಯುಮಿನಿಯಂ ಹಾಳೆ ಸುತ್ತಿ. ಬಿಸಿಲಿನದು ದಿನದಿನಕ್ಕೆ ತೆಳುವಾಯಿತು, ಹಾಳೆ ಸುತ್ತಿದ್ದು ಹಾಗೇ ಉಳಿಯಿತು. ಬಿಸಿಲಿನ ನೇರಳಾತೀತ ಕಿರಣ ದೊಡ್ಡ ಕಂದು ಅಣುಗಳನ್ನು ಮುರಿಯುತ್ತದೆ. ಒಂದಷ್ಟು ನೇರವಾಗಿ ಇಂಗಾಲದ ಡೈಆಕ್ಸೈಡ್ ಆಗುತ್ತದೆ, ಉಳಿದದ್ದು ಸಣ್ಣ ಸಣ್ಣ ತುಂಡು. ಬ್ಯಾಕ್ಟೀರಿಯಾಕ್ಕೆ ದೊಡ್ಡ ಅಣು ಜೀರ್ಣವಾಗುವುದು ಕಷ್ಟ, ತುಂಡುಗಳು ಸುಲಭ. ಬಿಸಿಲು ಮುರಿದುಕೊಟ್ಟಿದ್ದನ್ನು ಅವು ತಿಂದು ಮುಗಿಸುತ್ತವೆ. ಬಣ್ಣ ಹೋಗುವಷ್ಟು ಬೇಗ ಇಂಗಾಲ ಹೋಗುವುದಿಲ್ಲ ಅನ್ನುವುದನ್ನೂ ನೆನಪಿಡಿ.

ಕೆರೆ ಅಂದರೆ ಇಂಗಾಲ ಹೀರಿಕೊಳ್ಳುವ ಹಸಿರು ಜಾಗ ಅಂತ ಎಲ್ಲರೂ ಅಂದುಕೊಳ್ಳುತ್ತಾರೆ. 1994ರಲ್ಲಿ ವಿಜ್ಞಾನಿ ಜೊನಾಥನ್ ಕೋಲ್ ಮತ್ತು ಸಂಗಡಿಗರು 1,835 ಸರೋವರಗಳ ಅಂಕಿ ಪ್ರಕಟಿಸಿದರು. ಮಾದರಿಗಳಲ್ಲಿ 87% ಗಾಳಿಯ ಸಮತೋಲಕ್ಕಿಂತ ಹೆಚ್ಚು ಇಂಗಾಲದ ಡೈಆಕ್ಸೈಡ್ ಇಟ್ಟುಕೊಂಡಿದ್ದವು, ಸರಾಸರಿ ಮೂರು ಪಟ್ಟು. ಅಂದರೆ ಹೊರಗೆ ಬಿಡುತ್ತಿದ್ದವು. 2007ರಲ್ಲಿ ಅದೇ ಕೋಲ್ ಮತ್ತು ಇತರರು ಇಡೀ ಭೂಮಿಯ ಲೆಕ್ಕ ಹಾಕಿದರು: ನೆಲದಿಂದ ಒಳನಾಡಿನ ನೀರಿಗೆ ವರ್ಷಕ್ಕೆ ಸುಮಾರು 190 ಕೋಟಿ ಟನ್ ಇಂಗಾಲ ಬರುತ್ತದೆ, ಸಮುದ್ರ ಸೇರುವುದು 90 ಕೋಟಿ, ಹೂಳಾಗುವುದು 20 ಕೋಟಿ, ಉಳಿದ 80 ಕೋಟಿ ದಾರಿಯಲ್ಲೇ ಗಾಳಿಗೆ. ಆಮೇಲಿನ ಅಂದಾಜುಗಳು ಇನ್ನೂ ಮೇಲಕ್ಕೇ ಹೋಗಿವೆ.

ಈ ವಿದ್ಯೆ ಹೆಚ್ಚಾಗಿ ಬೆಳೆದಿದ್ದು ಸ್ವೀಡನ್, ಫಿನ್‌ಲೆಂಡ್, ಕೆನಡಾ, ಅಮೆರಿಕದ ಸರೋವರಗಳ ಮೇಲೆ. ಅಲ್ಲಿ ಸರೋವರಗಳು ದಶಕಗಳಿಂದ ಕಂದಾಗುತ್ತಿರುವುದಕ್ಕೆ ಆಮ್ಲ ಮಳೆ ಕಡಿಮೆಯಾಗಿದ್ದು ಒಂದು ದೊಡ್ಡ ಕಾರಣ, ಗಂಧಕ ಕಡಿಮೆಯಾದಾಗ ಮಣ್ಣಿನ ಸಾವಯವ ವಸ್ತು ಹೆಚ್ಚು ಕರಗುತ್ತದೆ. ಆ ಕಾರಣವನ್ನು ತಂದು ನಮ್ಮ ಕೆರೆಗೆ ಅಂಟಿಸುವವರೂ ಇದ್ದಾರೆ. ಆದರೆ ಜೂನ್‌ನಲ್ಲಿ ಕಂದಾಗಿ ನವೆಂಬರ್‌ನಲ್ಲಿ ತಿಳಿಯಾಗುವ ಕೆರೆಗೆ ದಶಕಗಳ ಕಾರಣ ಯಾಕೆ ಬೇಕು?

ಡಿಸೆಂಬರ್: ಈ ಸಲ ನಿಜವಾಗಿ ಪಲ್ಪರ್

ಡಿಸೆಂಬರ್‌ನಲ್ಲಿ ಮತ್ತೆ ಕರೆ. ಹಳ್ಳದ ಗುಂಡಿಗಳಲ್ಲಿ ಹುಳಿ ವಾಸನೆ, ನೀರು ಕಪ್ಪು-ಕಂದು, ಸಣ್ಣ ಮೀನು ಮೇಲೆ ಬಂದು ಬಾಯಿ ಬಿಡುತ್ತಿದ್ದವು. ಕೆರೆಯಲ್ಲಿ ಇನ್ನೂ ಬಣ್ಣ ಬದಲಾಗಿರಲಿಲ್ಲ.

ಇಲ್ಲಿ ನಾನು ನಂಬಿದ್ದು ನೀರಿನಲ್ಲಿ ಕರಗಿದ ಆಮ್ಲಜನಕ ತೋರಿಸುವ 1888ರ ವಿಂಕ್ಲರ್ ಪರೀಕ್ಷೆಯನ್ನು. ಬಾಟಲಿ ತುಂಬಾ ನೀರು ತುಂಬಿ, ಗುಳ್ಳೆ ಬರದ ಹಾಗೆ ಮ್ಯಾಂಗನೀಸ್ ಸಲ್ಫೇಟ್, ಆಮೇಲೆ ಕ್ಷಾರೀಯ ಅಯೊಡೈಡ್ ಹಾಕಬೇಕು. ಆಮ್ಲಜನಕ ಇದ್ದರೆ ಕಂದು ಗಸಿ, ಇಲ್ಲದಿದ್ದರೆ ಬಿಳಿ ಗಸಿ. ಜೂನ್‌ನಲ್ಲಿ ಕಂದು ಕೆರೆಯ ನೀರಿಗೆ ಹಾಕಿದಾಗ ಗಸಿ ಗಾಢ ಕಂದು ಬಂದಿತ್ತು. ಅಂದರೆ ಬಣ್ಣ ಎಷ್ಟಿದ್ದರೂ ಮೀನಿಗೆ ಉಸಿರಾಡಲು ಬೇಕಾದಷ್ಟು ಇತ್ತು. ಡಿಸೆಂಬರ್‌ನ ಹಳ್ಳದ ಗುಂಡಿ ನೀರಿಗೆ ಹಾಕಿದರೆ ಬೆಳ್ಳಗೆ, ಹಾಲಿನಷ್ಟು ಬೆಳ್ಳಗೆ. ತೋಟದ ಗೌಡ್ರೂ ಅಲ್ಲೇ ನಿಂತಿದ್ದರು. ಅವರಿಗೆ ವಿವರಿಸುವ ಅಗತ್ಯ ಬೀಳಲಿಲ್ಲ.

ಎರಡೂ ಕರಗಿದ ಸಾವಯವ ವಸ್ತುವೇ, ಎರಡೂ ಇಂಗಾಲವೇ. ವ್ಯತ್ಯಾಸ ಇರುವುದು ಜಾತಿಯಲ್ಲಿ. ಕಾಡಿನ ಕಂದು ಹಳೆಯದು, ಗಟ್ಟಿ, ಬ್ಯಾಕ್ಟೀರಿಯಾಕ್ಕೆ ತಿನ್ನಲು ತಿಂಗಳುಗಳು ಬೇಕು. ಕಾಫಿ ಹಣ್ಣಿನ ಸಿಪ್ಪೆ, ಲೋಳೆಯ ನೀರು ಬರೀ ಸಕ್ಕರೆ ಮತ್ತು ಪೆಕ್ಟಿನ್, ದಿನಗಳಲ್ಲಿ ತಿಂದು ಮುಗಿಸುತ್ತವೆ. ಒಂದು ಗ್ರಾಂ ಇಂಗಾಲ ಪೂರ್ತಿ ಉರಿಯಲು 2.67 ಗ್ರಾಂ ಆಮ್ಲಜನಕ ಬೇಕು. ನಮ್ಮ ಎತ್ತರದಲ್ಲಿ, 25 ಡಿಗ್ರಿಯಲ್ಲಿ, ನೀರು ಹಿಡಿದಿಟ್ಟುಕೊಳ್ಳುವುದೇ ಲೀಟರಿಗೆ ಸುಮಾರು 7 ಮಿಲಿಗ್ರಾಂ. ಪಲ್ಪರ್ ನೀರಿನ ಬಿಒಡಿ, ಅಂದರೆ ಅದರಲ್ಲಿರುವುದನ್ನು ತಿನ್ನಲು ಬ್ಯಾಕ್ಟೀರಿಯಾ ಬಳಸುವ ಆಮ್ಲಜನಕ, ಲೀಟರಿಗೆ ಸಾವಿರಗಟ್ಟಲೆ ಮಿಲಿಗ್ರಾಂ ಇರುತ್ತದೆ. 3,000 ಅಂತ ಹಿಡಿದರೆ ಅದರ ಒಂದೇ ಲೀಟರ್ 400 ಲೀಟರ್‌ಗೂ ಹೆಚ್ಚು ಹಳ್ಳದ ನೀರಿನ ಉಸಿರು ಕಟ್ಟಿಸಬಲ್ಲದು. ಲ್ಯಾಬಿನಲ್ಲಿ ಎರಡನ್ನೂ ಬೇರ್ಪಡಿಸುವುದು ಇದರಿಂದಲೇ: ರಾಸಾಯನಿಕವಾಗಿ ಸುಟ್ಟಾಗ ಬೇಕಾಗುವ ಆಮ್ಲಜನಕಕ್ಕೂ, 27 ಡಿಗ್ರಿಯಲ್ಲಿ ಮೂರು ದಿನ ಇಟ್ಟಾಗ ಬ್ಯಾಕ್ಟೀರಿಯಾ ಬಳಸುವ ಆಮ್ಲಜನಕಕ್ಕೂ ಅಂತರ ದೊಡ್ಡದಿದ್ದರೆ ಕಾಡಿನದು, ಹತ್ತಿರ ಇದ್ದರೆ ತೋಟದ್ದು.

ಕಾರಣ ಸಿಕ್ಕಿದ್ದು ಪಲ್ಪರ್ ನೀರು ನಿಲ್ಲಿಸುವ ತೋಟದ ಹೊಂಡದ ಒಡ್ಡಿನಲ್ಲಿ. ಏಡಿ ತೂತು ದೊಡ್ಡದಾಗಿ ನೀರು ಸಣ್ಣಗೆ ಹಳ್ಳಕ್ಕೆ ಇಳಿಯುತ್ತಿತ್ತು. ಗೌಡ್ರು ಅದೇ ದಿನ ಮಣ್ಣು ಹಾಕಿಸಿದರು, ಆದರೆ ಹೇಳಬೇಕಾದ್ದನ್ನು ಹೇಳಿಯೇ ಬಿಟ್ಟರು: "ಜೂನಲ್ಲಿ ನಾನು ಮಾಡದ ತಪ್ಪಿಗೆ ಊರೆಲ್ಲ ಬೈದ್ರಿ. ಆಗ್ಲೇ ಬಂದು ಸರಿಯಾಗಿ ನೋಡಿದ್ರೆ ಈ ಒಡ್ಡೂ ಕಾಣ್ತಿತ್ತಲ್ವಾ?" ಇದಕ್ಕೆ ಯಾರ ಹತ್ತಿರವೂ ಉತ್ತರ ಇರಲಿಲ್ಲ. ಆಮೇಲೆ ಅವರು ಪಲ್ಪಿಂಗ್ ನೀರನ್ನು ಅದೇ ದಿನ ಮರುಬಳಕೆ ಮಾಡುವ ಹಾಗೆ ತೊಟ್ಟಿ ಕಟ್ಟಿಸಿದರು, ಹೊಂಡಕ್ಕೆ ಸುಣ್ಣ ಹಾಕಿಸುತ್ತಾರೆ.

ಮಾರ್ಚ್ ಬಗ್ಗೆ ಎರಡೇ ಮಾತು. ನೀರು ತಗ್ಗಿ, ಬಿಸಿಲು ಆಳದವರೆಗೆ ಇಳಿದು, ಗೊಬ್ಬರದ ರಂಜಕ ಸಿಕ್ಕಿ ಪಾಚಿ ಬಂತು, ಹಸಿರು. ಪಾಚಿಯೂ ಸಾವಯವ ವಸ್ತು ಬಿಡುತ್ತದೆ, ಅದಕ್ಕೆ ಬಣ್ಣ ಇಲ್ಲ, ಬ್ಯಾಕ್ಟೀರಿಯಾಕ್ಕೆ ಬಹಳ ರುಚಿ. ಬಣ್ಣ ನೋಡಿ ಆಲಂ ಹಾಕುವ ಲೆಕ್ಕ ಆಗ ಕೆಲಸಕ್ಕೆ ಬರುವುದಿಲ್ಲ. ದಡದ ಕೆಸರಿಗೆ ಕೋಲು ಚುಚ್ಚಿದರೆ ಗುಳ್ಳೆ ಎದ್ದವು, ಅದರಲ್ಲಿ ಬಹುಪಾಲು ಮೀಥೇನ್. ಅಷ್ಟು ಕಡಿಮೆ ಆಳದಲ್ಲಿ ಅದು ನೀರಿನಲ್ಲಿ ಕರಗುವ ಮೊದಲೇ ಗಾಳಿಗೆ ಸೇರುತ್ತದೆ, ನೂರು ವರ್ಷದ ಲೆಕ್ಕದಲ್ಲಿ ಇಂಗಾಲದ ಡೈಆಕ್ಸೈಡ್‌ಗಿಂತ 28 ಪಟ್ಟಿನ ಆಸುಪಾಸು ಬಿಸಿ ಮಾಡುತ್ತದೆ.

ಈಗಿನ ಸ್ಥಿತಿ. ಓವರ್‌ಹೆಡ್ ಟ್ಯಾಂಕಿಗಿಂತ ಮೊದಲು ಕೆಳಗೆ ಒಂದು ನೆಲತೊಟ್ಟಿ ಕಟ್ಟಿದ್ದಾರೆ. ಮಳೆಗಾಲದಲ್ಲಿ ಅಲ್ಲಿ ಆಲಂ, ತಳಕ್ಕೆ ಇಳಿದ ಮೇಲೆ ಸುಣ್ಣ, ಮೇಲಿನ ಟ್ಯಾಂಕಿನಲ್ಲಿ ಪೌಡರು. ತಳದ ಕೆಸರನ್ನು ಹಳ್ಳಕ್ಕೆ ಬಿಡದೆ ಗುಂಡಿ ತೋಡಿ ಹಾಕಬೇಕು ಅಂತ ಒಪ್ಪಿಸಲು ನನಗೆ ಸಾಕುಸಾಕಾಯಿತು. ಪೌಡರಿನ ಖರ್ಚು ಇಳಿದಿದೆ, ಆಲಂ ಖರ್ಚು ಸೇರಿದೆ. ವಾಟರ್‌ಮ್ಯಾನ್ ದಿನಾ ಬೆಳಿಗ್ಗೆ ಕೊನೆಯ ಮನೆಯ ನಲ್ಲಿಯಲ್ಲಿ ಕ್ಲೋರಿನ್ ನೋಡಿ ಪುಸ್ತಕದಲ್ಲಿ ಬರೆಯುತ್ತಾರೆ, ಪಕ್ಕದಲ್ಲಿ ಮಳೆ ಬಂತೋ ಇಲ್ಲವೋ ಅನ್ನುವುದನ್ನೂ. ಹೂಳೆತ್ತುವ ಪ್ರಸ್ತಾಪ ಬಂದಿದೆ. ಆ ಹೂಳಿನಲ್ಲಿ ಎಷ್ಟೋ ವರ್ಷಗಳ ಇಂಗಾಲ ಹುಗಿದು ಕೂತಿದೆ, ಗದ್ದೆಗೆ ಹರಡಿದರೆ ಮಣ್ಣಿಗೆ ಒಳ್ಳೆಯದು, ಒಂದು ಪಾಲು ಗಾಳಿಗೂ ಹೋಗುತ್ತದೆ. ನಾನು ಬೇಡ ಅನ್ನಲಿಲ್ಲ, ಕೆರೆ ನೀರು ಹಿಡಿಯಬೇಕಲ್ಲ. ಒಂದೇ ಸಲ ಪೂರ್ತಿ ಬಗೆಯಬೇಡಿ, ಹಳ್ಳ ಸೇರುವ ಮೂಲೆಯಿಂದ ಶುರು ಮಾಡಿ ಅಂದೆ. ಅನುದಾನ ಇನ್ನೂ ಬಂದಿಲ್ಲ.